ಉಷ್ಣಮಾನದ ಪ್ರಮಾಣವೂ ಅದರ ಉಪಾಧಿಯೂ

ಸೇತುವೆ, ರೈಲುಮಾರ್ಗ, ದೊಡ್ಡ ಕಟ್ಟಡ ಮೊದಲಾದ ನಿರ್ಮಾಣಗಳನ್ನು ರಚಿಸುವ ಇಂಜಿನಿಯರುಗಳು ಭಾರ, ಗಾಳಿ, ಭೂಕಂಪ ಇವುಗಳಂತೆಯೇ ಶೀತೋಷ್ಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಂಥ ಸ್ಥಳದಲ್ಲಿ ಬಿಸಿಲು ಎಷ್ಟರವರೆಗೆ ಏರಬಹುದು, ಚಳಿ ಎಷ್ಟರವರೆಗೆ ಇಳಿಯಬಹುದು ಎಂಬುದನ್ನು ಅವರು ತಾವಾಗಿ ಊಹಿಸಿಕೊಳ್ಳುವುದಿಲ್ಲ. ಆಯಾ ದೇಶದ ಪ್ರಮಾಣಗ್ರಂಥಗಳಲ್ಲಿ ಕೊಟ್ಟಿರುವ ಅಂಕಿಗಳನ್ನು ಆಧಾರವಾಗಿ ಹಿಡಿಯುತ್ತಾರೆ. ಈ ಅಂಕಿಗಳೆಲ್ಲವೂ ಕಳೆದ ಕಾಲದ ದಾಖಲೆಗಳಿಂದ ಹುಟ್ಟಿದವು. ಅವುಗಳನ್ನು ನಂಬಿ ಕಟ್ಟಿದ ನಿರ್ಮಾಣಗಳಾದರೋ ಮುಂದಿನ ಐವತ್ತು, ನೂರು ವರ್ಷ ನಿಲ್ಲತಕ್ಕವು. ವಾಯುಗುಣವೇ ಬದಲಾಗುತ್ತಿರುವಲ್ಲಿ ಈ ಅಂಕಿಗಳು ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲವು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೇಲುನೋಟಕ್ಕೆ ಇದು ಕೇವಲ ಇಂಜಿನಿಯರುಗಳಿಗೆ ಸೇರಿದುದೆಂದು ತೋರಬಹುದು. ಆದರೆ ಪ್ರಮಾಣವೆಂಬ ಶಬ್ದಕ್ಕೆ ಅಳತೆ ಎಂಬ ಅರ್ಥವಿರುವಂತೆಯೇ ಯಥಾರ್ಥಜ್ಞಾನಕ್ಕೆ ಸಾಧನವಾದುದು ಎಂಬ ಅರ್ಥವೂ ಉಂಟೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಉಷ್ಣಮಾನದ ಪ್ರಮಾಣಗಳಲ್ಲಿ ಈ ಎರಡು ಅರ್ಥಗಳೂ ಒಂದುಗೂಡಿವೆ. ಅವು ಅಳತೆಗಳೂ ಹೌದು. ಕಂಡುದರಿಂದ ಕಾಣದುದನ್ನು ತಿಳಿಯುವ ಅನುಮಾನಗಳೂ ಹೌದು. ಅಳತೆಯಲ್ಲಿ ತಪ್ಪಿಲ್ಲದಿದ್ದರೂ ಅನುಮಾನದಲ್ಲಿ ದೋಷವಿರಬಹುದು. ಈಗ ಒದಗಿರುವುದು ಅಂಥದೊಂದು ಸಂದರ್ಭವೇ ಆಗಿದೆ.

೧. ಶಾಖದಿಂದಾಗುವ ವಿಕಾರ

ಲೋಹಗಳು ಕಾದಾಗ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ಮರದ ಚಕ್ರದ ಮೇಲೆ ಕೂರಿಸಿ, ನೀರು ಹೊಯ್ದು ತಣಿಸುತ್ತಾನೆ. ಕುಗ್ಗಿದ ಪಟ್ಟಿ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಮ್ಮಾರನಿಗೆ ಉಪಕಾರಕವಾದ ಈ ಗುಣವೇ ಸೇತುವೆ ಕಟ್ಟುವವನಿಗೆ ಚಿಂತೆಯ ಕಾರಣ. ಸೆಂಟಿಗ್ರೇಡ್ ಮಾನದಲ್ಲಿ ಒಂದು ಡಿಗ್ರಿ ಕಾದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ೧೨ ಭಾಗದಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಹಿಗ್ಗುವಿಕೆಯೂ ಹೆಚ್ಚುಕಡಮೆ ಇಷ್ಟೇ. ಇವೆರಡರ ಗುಣವೂ ಹೀಗೆ ಸಮೀಪವಾಗಿರುವುದರಿಂದಲೇ ಉಕ್ಕಿನ ಸರಳುಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿ ಕಟ್ಟುವ ಪದ್ಧತಿ ಸಾಧ್ಯವಾಯಿತು. ಹತ್ತು ಲಕ್ಷದಲ್ಲಿ ೧೨ ಎಂಬುದು ಅತ್ಯಲ್ಪವೆಂದು ತೋರಬಹುದು. ಆದರೆ ೧೦೦ ಮೀಟರ್ ಉದ್ದದ ಉಕ್ಕಿನ ಸೇತುವೆ ೩೦ ಡಿಗ್ರಿ ಕಾದರೆ ೩೬ ಮಿಲಿಮೀಟರ್ ಉದ್ದವಾಗುತ್ತದೆ. ಯಾವ ಗೋಡೆಯೂ ಕಂಬವೂ ಅದನ್ನು ಸುಲಭವಾಗಿ ತಡೆಯಲಾರದು.

ಈ ವಿಕಾರಕ್ಕೆ ನಿರ್ಮಾಪಕನು ಎರಡು ರೀತಿಯಲ್ಲಿ ಪರಿಹಾರವನ್ನು ಕಲ್ಪಿಸಬಹುದು. ಹಿಗ್ಗುವುದಕ್ಕೆ ಎಡೆಮಾಡಿಕೊಡುವುದು ಒಂದು ರೀತಿ. ಸೇತುವೆಯ ಭಾಗಗಳ ನಡುವೆ ಬಿಟ್ಟಿರುವ ಸಂದುಗಳೂ, ಕಂಬಗಳ ತಲೆಯ ಮೇಲೆ ಜಾರಲು ಅಥವಾ ಉರುಳಲು ಅನುಕೂಲವಾಗಿ ಇಟ್ಟ ಬೇರಿಂಗುಗಳೂ ಇದಕ್ಕಾಗಿಯೇ ಇರುವುವು. ಹಿಗ್ಗದಂತೆ ಹಿಡಿದು ನಿಲ್ಲಿಸುವುದು ಇನ್ನೊಂದು ರೀತಿ. ಆಗ ಉದ್ದವು ಬೆಳೆಯುವುದಿಲ್ಲ, ಒಳಗಿನ ಒತ್ತಡ ಬೆಳೆಯುತ್ತದೆ. ಸಂಪೂರ್ಣವಾಗಿ ಬಂಧಿತವಾದ ಉಕ್ಕಿನಲ್ಲಿ ಒಂದೊಂದು ಡಿಗ್ರಿಗೂ ಚದರ ಮಿಲಿಮೀಟರಿಗೆ ೨.೪ ನ್ಯೂಟನ್ನಿನಷ್ಟು ಒತ್ತಡ ಹುಟ್ಟುತ್ತದೆ. ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಬಿಡುವಿದ್ದಲ್ಲಿ ವಿಕಾರವು ಉದ್ದವನ್ನು ಅನುಸರಿಸುತ್ತದೆ. ಬಂಧನವಿದ್ದಲ್ಲಿ ಒತ್ತಡವು ಉದ್ದವನ್ನು ಲೆಕ್ಕಿಸುವುದೇ ಇಲ್ಲ. ಒಂದು ಮೀಟರಿನ ಕಂಬಿಯಾದರೂ ಹತ್ತು ಮೈಲಿಯ ಕಂಬಿಯಾದರೂ ಒಂದು ಡಿಗ್ರಿಗೆ ಒತ್ತಡ ಅಷ್ಟೇ. ಆದುದರಿಂದ ಉಷ್ಣಮಾನದ ಒಂದೆರಡು ಡಿಗ್ರಿಗಳ ತಪ್ಪು ಬಿಡುವಿರುವ ನಿರ್ಮಾಣದಲ್ಲಿ ಕೆಲವೇ ಮಿಲಿಮೀಟರುಗಳಾಗಿ ಮುಗಿದುಹೋಗಬಹುದು. ಬಂಧನವಿರುವ ನಿರ್ಮಾಣದಲ್ಲಿ ಹಾಗೆ ಮುಗಿಯುವುದಿಲ್ಲ.

ಹವಾಮಾನಶಾಸ್ತ್ರಜ್ಞರು ಅಳೆಯುವುದು ನೆರಳಿನಲ್ಲಿರುವ ಗಾಳಿಯ ಉಷ್ಣಮಾನವನ್ನು. ಸೇತುವೆ ನಿಂತಿರುವುದು ಬಿಸಿಲಿನಲ್ಲಿ. ತೆಳುವಾದ ಉಕ್ಕು ಬೇಗನೆ ಕಾಯುತ್ತದೆ, ದಪ್ಪವಾದ ಕಾಂಕ್ರೀಟು ನಿಧಾನವಾಗಿ ಕಾಯುತ್ತದೆ. ಯೂರೋಪಿನ ದೇಶಗಳಿಗೆ ಸಾಮಾನ್ಯವಾದ ಯೂರೋಕೋಡ್ ಎಂಬ ನಿಬಂಧನೆಗಳಲ್ಲಿ ಉಷ್ಣಮಾನಕ್ಕೆ ಸಂಬಂಧಿಸಿದ ೨೦೦೩ರ ಭಾಗವು ಗಾಳಿಯ ಗರಿಷ್ಠಕ್ಕಿಂತ ಉಕ್ಕಿನ ಸೇತುವೆಯ ಮೈ ಸುಮಾರು ೧೬ ಡಿಗ್ರಿ ಹೆಚ್ಚಾಗಿಯೂ, ಕಾಂಕ್ರೀಟ್ ಸೇತುವೆಯ ಮೈ ಸುಮಾರು ೨ ಡಿಗ್ರಿ ಮಾತ್ರ ಹೆಚ್ಚಾಗಿಯೂ ಇರಬಹುದೆಂದು ಗಣಿಸುತ್ತದೆ. ಈ ಹೆಚ್ಚಳವನ್ನು ಕೂಡಿಸಿದ ಮೇಲೆಯೂ ಎಲ್ಲಕ್ಕೂ ಮೂಲವಾಗಿ ಉಳಿಯುವುದು ಗಾಳಿಯ ಗರಿಷ್ಠ ಕನಿಷ್ಠಗಳ ಅಂಕಿಯೇ.

೨. ಪ್ರಮಾಣಗಳು ಹುಟ್ಟುವ ಬಗೆ

ಆ ಅಂಕಿ ಎಲ್ಲಿಂದ ಬರುತ್ತದೆ? ಒಂದು ಸ್ಥಳದಲ್ಲಿ ವರುಷವರುಷವೂ ಕಂಡ ಅತ್ಯಂತ ಹೆಚ್ಚಿನ ಉಷ್ಣಮಾನವನ್ನು ಪಟ್ಟಿಮಾಡಿ, ಆ ಪಟ್ಟಿಯ ಲಕ್ಷಣವನ್ನು ಗಣಿತದಿಂದ ನಿರ್ಣಯಿಸಿ, ಯಾವುದೇ ಒಂದು ವರ್ಷದಲ್ಲಿ ಮೀರಿಹೋಗುವ ಸಂಭವ ನೂರಕ್ಕೆ ಎರಡು ಮಾತ್ರವೇ ಆಗಿರುವ ಅಂಕಿಯನ್ನು ಯೂರೋಕೋಡ್ ಆರಿಸಿಕೊಳ್ಳುತ್ತದೆ. ಇದನ್ನೇ ಲೋಕರೂಢಿಯಲ್ಲಿ ‘ಐವತ್ತು ವರ್ಷಕ್ಕೊಮ್ಮೆ ಬರುವ ಉಷ್ಣಮಾನ’ ಎನ್ನುತ್ತಾರೆ.

ಈ ಮಾತಿನ ಅರ್ಥವನ್ನು ಅನೇಕರು ತಪ್ಪಾಗಿ ತಿಳಿಯುವುದುಂಟು. ಒಮ್ಮೆ ಬಂದರೆ ಇನ್ನು ಐವತ್ತು ವರ್ಷ ಬಾರದು ಎಂದು ಇದರ ತಾತ್ಪರ್ಯವಲ್ಲ. ಪ್ರತಿ ವರ್ಷವೂ ನೂರಕ್ಕೆ ಎರಡರ ಸಂಭವ ಹೊಸದಾಗಿ ಇದ್ದೇ ಇರುತ್ತದೆ. ಹೀಗಾಗಿ ಐವತ್ತು ವರ್ಷದ ಆಯುಸ್ಸುಳ್ಳ ಕಟ್ಟಡವು ತನ್ನ ಕಾಲದಲ್ಲಿ ಅಂಥ ದಿನವನ್ನು ಒಂದು ಸಲವಾದರೂ ಕಾಣುವ ಸಂಭವ ನೂರಕ್ಕೆ ಸುಮಾರು ೬೪. ನೂರು ವರ್ಷದ ಆಯುಸ್ಸುಳ್ಳ ಸೇತುವೆಗೆ ಅದು ಸುಮಾರು ೮೭. ಆದುದರಿಂದಲೇ ಈ ಅಂಕಿಯ ಮೇಲೆ ರಕ್ಷಣೆಗಾಗಿ ಬೇರೆ ಗುಣಕಗಳನ್ನೂ ಹಾಕಿರುತ್ತಾರೆ. ಅಂಕಿ ಮೀರಿದೊಡನೆ ಸೇತುವೆ ಬೀಳುವುದೆಂದು ಯಾರೂ ಭಯಪಡಬೇಕಾದುದಿಲ್ಲ. ಆದರೆ ರಕ್ಷಣೆಯ ಗುಣಕಗಳನ್ನು ಗೊತ್ತುಮಾಡಿದುದು ನೂರಕ್ಕೆ ಎರಡು ಎಂಬ ಸಂಭವವನ್ನು ನಂಬಿ ಎಂಬುದನ್ನು ಮರೆಯಬಾರದು. ಬುಡದ ಸಂಭವ ಬದಲಾದರೆ ಮೇಲಿನ ರಕ್ಷಣೆಯ ಅರ್ಥವೂ ಬದಲಾಗುತ್ತದೆ.

೩. ಅನುಮಾನದ ಉಪಾಧಿ

ಈ ಕ್ರಮವನ್ನು ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕಳೆದ ಕಾಲದ ದಾಖಲೆ ಹೇತು. ಬರುವ ಕಾಲದ ಉಷ್ಣಮಾನವೂ ಅದರಂತೆಯೇ ಇರುವುದೆಂಬುದು ಸಾಧ್ಯ. ಹೇತುವಿಗೂ ಸಾಧ್ಯಕ್ಕೂ ವ್ಯಾಪ್ತಿ ಇದ್ದರೆ ಮಾತ್ರ ಅನುಮಾನ ನಿಲ್ಲುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ವ್ಯಾಪ್ತಿ ಸರಿಯಾದುದು. ಬೆಂಕಿಯಿದ್ದಲ್ಲಿ ಹೊಗೆಯಿರುವುದೆಂಬುದು ಹಾಗಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆ ಕಾಣುವುದಿಲ್ಲ. ಅಲ್ಲಿ ಹಸಿಯ ಸೌದೆಯ ಸಂಬಂಧವೆಂಬ ಬೇರೊಂದು ಸಂಗತಿ ಬೇಕಾಗುತ್ತದೆ. ಹೇಳದೆಯೇ ಒಳಗೆ ಸೇರಿಕೊಂಡು ವ್ಯಾಪ್ತಿಯನ್ನು ನಡೆಸುವ ಇಂಥ ಸಂಗತಿಗೆ ಉಪಾಧಿಯೆಂದು ಹೆಸರು. ಸಾಧ್ಯವಿದ್ದಲ್ಲೆಲ್ಲ ಅದು ಇರುವುದು. ಹೇತುವಿದ್ದಲ್ಲೆಲ್ಲ ಇರಬೇಕೆಂಬ ನಿಯಮವಿಲ್ಲ.

ಉಷ್ಣಮಾನದ ಪ್ರಮಾಣಗಳಲ್ಲಿ ಹೀಗೆ ಅಡಗಿರುವ ಉಪಾಧಿ ಯಾವುದೆಂದರೆ, ವಾಯುಗುಣದ ಸ್ಥಿರತೆ. ಮುಂದಿನ ಕಾಲ ಹಿಂದಿನಂತೆಯೇ ನಡೆಯುವಲ್ಲೆಲ್ಲ ಸ್ಥಿರತೆ ಇರಲೇಬೇಕು. ಆದರೆ ಹಿಂದಿನ ದಾಖಲೆ ಇದ್ದಮಾತ್ರಕ್ಕೆ ಸ್ಥಿರತೆ ಇರುವುದೆಂದು ಹೇಳಲಾಗದು. ಲಕ್ಷಣದ ಎರಡು ಭಾಗಗಳೂ ಇಲ್ಲಿ ಸಮನ್ವಯವಾಗುತ್ತವೆ. ಪ್ರಮಾಣಗ್ರಂಥಗಳನ್ನು ಮೊದಲು ರಚಿಸಿದವರು ಈ ಉಪಾಧಿಯನ್ನು ಬಾಯಿಬಿಟ್ಟು ಹೇಳದಿದ್ದುದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಒಂದು ತಲೆಮಾರಿನ ಕಾಲದಲ್ಲಿ ಅದು ಸ್ಥಿರವಾಗಿಯೇ ಕಾಣುತ್ತಿದ್ದಿತು. ಸದಾ ಇರುವುದನ್ನು ಯಾರೂ ಹೇಳಿಕೊಳ್ಳುವುದಿಲ್ಲವಷ್ಟೆ.

ಈಗ ಆ ಉಪಾಧಿ ತಪ್ಪಿದೆ. ವಾಯುಗುಣದ ವಿಚಾರವಾಗಿ ರಾಷ್ಟ್ರಗಳೊಳಗಣ ಸಮಿತಿಯು ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ೧೮೫೦–೧೯೦೦ರ ಕಾಲಕ್ಕಿಂತ ೨೦೧೧–೨೦೨೦ರಲ್ಲಿ ಭೂಮಿಯ ಮೇಲ್ಮೈಯ ಸರಾಸರಿ ಉಷ್ಣಮಾನ ಸುಮಾರು ೧.೧ ಡಿಗ್ರಿ ಹೆಚ್ಚಾಗಿದ್ದಿತು. ೨೦೨೪ನೆಯ ಒಂದು ವರ್ಷದಲ್ಲಿ ಈ ಹೆಚ್ಚಳ ಸುಮಾರು ೧.೫೫ ಡಿಗ್ರಿಯಾಗಿದ್ದಿತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಸರಾಸರಿಯ ಈ ಅಲ್ಪ ಚಲನೆ ತುದಿಗಳಲ್ಲಿ ಮಾಡುವ ಪರಿಣಾಮ ಅಲ್ಪವಲ್ಲ. ಹಿಂದಿನ ವಾಯುಗುಣದಲ್ಲಿ ಐವತ್ತು ವರ್ಷಕ್ಕೊಮ್ಮೆ ಭೂಪ್ರದೇಶಗಳಲ್ಲಿ ಬರುತ್ತಿದ್ದ ತೀವ್ರವಾದ ಸೆಕೆ, ಒಂದು ಡಿಗ್ರಿ ಹೆಚ್ಚಿದ ಲೋಕದಲ್ಲಿ ೪.೮ ಪಾಲು, ಒಂದೂವರೆ ಡಿಗ್ರಿ ಹೆಚ್ಚಿದರೆ ೮.೬ ಪಾಲು, ಎರಡು ಡಿಗ್ರಿ ಹೆಚ್ಚಿದರೆ ೧೩.೯ ಪಾಲು ಪದೇ ಪದೇ ಬರುವುದೆಂದು ಆ ವರದಿಯೇ ಗಣಿಸಿದೆ. ಅರ್ಥಾತ್, ಐವತ್ತು ವರ್ಷಕ್ಕೊಮ್ಮೆ ಎಂದು ಗ್ರಂಥದಲ್ಲಿ ಬರೆದಿರುವುದು ಈಗಲೇ ಸುಮಾರು ಹತ್ತು ವರ್ಷಕ್ಕೊಮ್ಮೆ ಎಂದಾಗಿರುವುದು. ಹಿಂದೆ ನೂರಕ್ಕೆ ೬೪ ಆಗಿದ್ದ ಸಂಭವವು ಈ ಲೆಕ್ಕದಂತೆ ನೂರಕ್ಕೆ ೯೯ನ್ನೂ ಮೀರುತ್ತದೆ. ಗ್ರಂಥದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಅದರ ಅರ್ಥ ಮಾತ್ರ ಬದಲಾಗಿದೆ.

೪. ಇಂಗ್ಲೆಂಡಿನ ದೃಷ್ಟಾಂತ

ಗಣನೆಯಿಂದ ತಿಳಿದುದಕ್ಕೆ ಪ್ರತ್ಯಕ್ಷದ ಬೆಂಬಲವಿದ್ದರೆ ಮನಸ್ಸಿಗೆ ಸಮಾಧಾನವಾಗುವುದು. ಇದಕ್ಕೆ ಇಂಗ್ಲೆಂಡಿನ ದಾಖಲೆ ಬಹು ಸ್ಪಷ್ಟವಾದ ದೃಷ್ಟಾಂತ. ೧೯೧೧ನೆಯ ಆಗಸ್ಟಿನಲ್ಲಿ ಅಲ್ಲಿ ೩೬.೭ ಡಿಗ್ರಿ ಸೆಕೆ ದಾಖಲಾಯಿತು. ಆ ಅಂಕಿಯನ್ನು ೭೯ ವರ್ಷ ಯಾವ ಬೇಸಿಗೆಯೂ ಮೀರಲಿಲ್ಲ. ೧೯೯೦ರಲ್ಲಿ ಚೆಲ್ಟನಮ್ಮಿನಲ್ಲಿ ೩೭.೧, ೨೦೦೩ರಲ್ಲಿ ಫೇವರ್‌ಶಮ್ಮಿನಲ್ಲಿ ೩೮.೫, ೨೦೧೯ರಲ್ಲಿ ಕೇಂಬ್ರಿಜ್ಜಿನಲ್ಲಿ ೩೮.೭, ೨೦೨೨ನೆಯ ಜುಲೈ ೧೯ರಂದು ಕೋನಿಂಗ್ಸ್‌ಬಿಯಲ್ಲಿ ೪೦.೩. ಸುಮಾರು ಎಂಬತ್ತು ವರ್ಷ ಅಲುಗದಿದ್ದ ಅಂಕಿ ಮುಂದಿನ ಮೂವತ್ತೆರಡು ವರ್ಷಗಳಲ್ಲಿ ನಾಲ್ಕು ಸಲ ಮುರಿಯಿತು. ೧೯೮೯ರಲ್ಲಿ ಕುಳಿತು ಹಿಂದಿನ ದಾಖಲೆಯನ್ನು ಮಾತ್ರ ನೋಡಿದವನಿಗೆ ೩೭ ಡಿಗ್ರಿಯೇ ಅಪೂರ್ವವೆನಿಸುತ್ತಿದ್ದಿತು. ಅವನ ಗಣಿತದಲ್ಲಿ ತಪ್ಪಿರಲಿಲ್ಲ. ಉಪಾಧಿ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಇದರ ಪರಿಣಾಮ ಮೊದಲು ಕಾಣಿಸಿಕೊಂಡುದು ಬಂಧನವಿರುವ ನಿರ್ಮಾಣಗಳಲ್ಲಿ. ಈಗಿನ ರೈಲುಕಂಬಿಗಳನ್ನು ಹಿಂದಿನಂತೆ ತುಂಡುತುಂಡಾಗಿ ಸಂದುಬಿಟ್ಟು ಜೋಡಿಸದೆ, ಬೆಸೆದು ಉದ್ದಕ್ಕೂ ಒಂದೇ ಕಂಬಿಯಾಗಿ ಮಾಡುತ್ತಾರೆ. ಸ್ಲೀಪರುಗಳೂ ಜಲ್ಲಿಯೂ ಅದನ್ನು ಚಲಿಸದಂತೆ ಹಿಡಿದಿರುತ್ತವೆ. ಯಾವ ಉಷ್ಣಮಾನದಲ್ಲಿ ಕಂಬಿಯೊಳಗೆ ಎಳೆತವೂ ಒತ್ತಡವೂ ಇಲ್ಲದಿರುವುದೋ ಅದನ್ನು ಬ್ರಿಟನ್ನಿನಲ್ಲಿ ೨೭ ಡಿಗ್ರಿಯೆಂದು ಗೊತ್ತುಮಾಡಿದ್ದಾರೆ. ಬಿಸಿಲಿನಲ್ಲಿ ಕಂಬಿಯು ಗಾಳಿಗಿಂತ ೨೦ ಡಿಗ್ರಿಯವರೆಗೂ ಹೆಚ್ಚಾಗಿ ಕಾಯಬಲ್ಲುದು. ಗಾಳಿ ೪೦ ಡಿಗ್ರಿಯಾದರೆ ಕಂಬಿ ೬೦ ಡಿಗ್ರಿ. ನಿಯತವಾದ ಮಿತಿಗಿಂತ ೩೩ ಡಿಗ್ರಿ ಹೆಚ್ಚು. ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಕಂಬಿಯಲ್ಲಿ ಒಂದು ಡಿಗ್ರಿಗೆ ಸುಮಾರು ೧.೯ ಟನ್ನಿನಂತೆ ಒಂದೊಂದು ಕಂಬಿಯಲ್ಲಿಯೂ ೬೦ ಟನ್ನುಗಳಷ್ಟು ಒತ್ತಡ ಸೇರುತ್ತದೆ. ಜಲ್ಲಿಯ ಹಿಡಿತ ಎಲ್ಲಿಯಾದರೂ ಸಡಿಲವಾಗಿದ್ದರೆ ಕಂಬಿ ಪಕ್ಕಕ್ಕೆ ಹಾವಿನಂತೆ ಬಾಗುತ್ತದೆ. ಆ ಜುಲೈ ೧೯ರಂದು ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ಮಾರ್ಗದಲ್ಲಿ ರೈಲುಗಳನ್ನು ನಿಲ್ಲಿಸಿದುದು ಇಂಥ ಭಯದಿಂದಲೇ.

ಹಾಗಾದರೆ ೨೭ ಡಿಗ್ರಿಯನ್ನು ಏರಿಸಿಬಿಡಬಾರದೇಕೆ ಎಂದು ಕೇಳಬಹುದು. ಏರಿಸಿದಷ್ಟೂ ಚಳಿಗಾಲದಲ್ಲಿ ಕಂಬಿಯೊಳಗಿನ ಎಳೆತ ಹೆಚ್ಚಿ, ಕಂಬಿ ಬಿರಿದು ತುಂಡಾಗುವ ಭಯ ಹೆಚ್ಚುತ್ತದೆ. ಬೇಸಿಗೆ ಹೆಚ್ಚಿತೆಂದು ಚಳಿಗಾಲ ಅಷ್ಟೇ ಮಟ್ಟಿಗೆ ಹಿಂದೆಗೆದಿರುವುದೆಂಬ ನಿಯಮವಿಲ್ಲ. ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡಿ ತೂಕ ಹಾಕುವಂತಿಲ್ಲ.

ಸೇತುವೆಗಳ ವಿಷಯದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆ ಪ್ರಸಿದ್ಧವಾದ ಉದಾಹರಣೆ. ೧೮೮೭ರಲ್ಲಿ ತೆರೆದ ಈ ತೂಗುಸೇತುವೆಯ ಸರಪಣಿಗಳು ಕೂರುವ ಎಡೆಯಲ್ಲಿ ಜಾರಬೇಕಾಗಿದ್ದ ಬೇರಿಂಗುಗಳು ತುಕ್ಕು ಹಿಡಿದು ಬಿಗಿದುಹೋಗಿದ್ದುವು. ಎರಕದ ಕಬ್ಬಿಣದ ಪೀಠಗಳಲ್ಲಿ ಬಿರುಕುಗಳು ಕಂಡುಬಂದುದರಿಂದ ೨೦೧೯ರಲ್ಲಿ ವಾಹನಗಳ ಸಂಚಾರ ನಿಂತಿತು. ೨೦೨೦ನೆಯ ಆಗಸ್ಟಿನ ಸೆಕೆಯಲ್ಲಿ ಬಿರುಕುಗಳು ಬೆಳೆದುದರಿಂದ ನಡೆದುಹೋಗುವವರಿಗೂ ಅದನ್ನು ಮುಚ್ಚಬೇಕಾಯಿತು. ೨೦೨೨ರ ಸೆಕೆಯಲ್ಲಿ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬೆಳ್ಳಿಯ ಬಣ್ಣದ ಹಾಳೆಯನ್ನು ಸುತ್ತಿ ಅದನ್ನು ಕಾಪಾಡಬೇಕಾಯಿತು. ಇಲ್ಲಿ ಸೆಕೆಯೊಂದೇ ಕಾರಣವಲ್ಲ. ವಯಸ್ಸೂ ತುಕ್ಕೂ ಸೇರಿದ್ದುವು. ಆದರೆ ಉಷ್ಣಮಾನವು ಯಾವಾಗಲೂ ಹೀಗೆಯೇ ಕೆಲಸಮಾಡುತ್ತದೆ. ಬಿಡುವು ಕಳೆದುಹೋದ ಸ್ಥಳವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಪೀಡಿಸುತ್ತದೆ.

೫. ಭಾರತದ ಪ್ರಮಾಣಗ್ರಂಥಗಳು

ನಮ್ಮ ದೇಶದ ಸಂಗತಿಯನ್ನು ನೋಡೋಣ. ಕಾತ್ಯಾಯನನು ಪಾಣಿನಿಯ ಸೂತ್ರಗಳ ಮೇಲೆ ವಾರ್ತಿಕಗಳನ್ನು ರಚಿಸುವಾಗ ಉಕ್ತ, ಅನುಕ್ತ, ದುರುಕ್ತ ಎಂಬ ಮೂರು ಬಗೆಯ ವಿಚಾರವನ್ನು ನಡೆಸಿದನೆಂದು ವೈಯಾಕರಣರು ಹೇಳುವರು. ಸೇತುವೆಗಳ ಸೂತ್ರಗಳಿಗೂ ಈ ಪರೀಕ್ಷೆ ಒಪ್ಪುವಂತಿದೆ.

ಉಕ್ತವಾದುದು: ೧೯೩೪ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಆರನೆಯ ಸಂಹಿತೆ ರಸ್ತೆಯ ಸೇತುವೆಗಳ ಮೇಲೆ ಬೀಳುವ ಭಾರಗಳನ್ನು ವಿಧಿಸುತ್ತದೆ. ಅದರಲ್ಲಿ ದೇಶದ ಗರಿಷ್ಠ ಮತ್ತು ಕನಿಷ್ಠ ಉಷ್ಣಮಾನಗಳ ನಕ್ಷೆಗಳಿವೆ. ಹಿಮಪ್ರದೇಶಗಳನ್ನು ಬಿಟ್ಟು ಉಳಿದೆಡೆಯ ಲೋಹದ ಸೇತುವೆಗಳಿಗೆ ನೆರಳಿನ ಗರಿಷ್ಠಕ್ಕೆ ೧೫ ಡಿಗ್ರಿ ಕೂಡಿಸಿ, ಕನಿಷ್ಠದಲ್ಲಿ ೧೦ ಡಿಗ್ರಿ ಕಳೆದು, ಆ ಎರಡರ ನಡುವಣ ಅಂತರಕ್ಕೆ ಲೆಕ್ಕಮಾಡಬೇಕೆಂದು ವಿಧಿ. ಕಟ್ಟಡಗಳಿಗಾದರೆ ೨೦೦೦ದ ಕಾಂಕ್ರೀಟ್ ಸಂಹಿತೆಯು, ಸಾಮಾನ್ಯವಾಗಿ ೪೫ ಮೀಟರಿಗಿಂತ ಉದ್ದವಾದ ನಿರ್ಮಾಣದಲ್ಲಿ ಹಿಗ್ಗುವಿಕೆಗಾಗಿ ಸಂದನ್ನು ಬಿಡಬೇಕೆಂದು ಹೇಳುತ್ತದೆ.

ಬೆಂಗಳೂರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ದಾಖಲಾದ ಅತ್ಯಂತ ಕಡಮೆಯ ಉಷ್ಣಮಾನ ೧೮೮೪ನೆಯ ಜನವರಿಯ ೭.೮ ಡಿಗ್ರಿ, ಅತ್ಯಂತ ಹೆಚ್ಚಿನದು ೨೦೧೬ನೆಯ ಏಪ್ರಿಲಿನ ೩೯.೨ ಡಿಗ್ರಿ. ಮೇಲಿನ ವಿಧಿಯನ್ನು ಈ ಅಂಕಿಗಳಿಗೆ ಅನ್ವಯಿಸಿದರೆ ಉಕ್ಕಿನ ಸೇತುವೆ ೫೪.೨ ಡಿಗ್ರಿಯಿಂದ ಸೊನ್ನೆಗಿಂತ ೨.೨ ಡಿಗ್ರಿ ಕೆಳಗಿನವರೆಗೆ, ಅಂದರೆ ೫೬.೪ ಡಿಗ್ರಿಗಳ ಅಂತರದಲ್ಲಿ ಚಲಿಸುವುದಾಗುತ್ತದೆ. ೧೦೦ ಮೀಟರ್ ಉದ್ದಕ್ಕೆ ಇದು ಸುಮಾರು ೬೮ ಮಿಲಿಮೀಟರ್. ಗರಿಷ್ಠವು ಮುಂದೆ ಇನ್ನೆರಡು ಡಿಗ್ರಿ ಏರಿದರೆ ಚಲನೆ ೨.೪ ಮಿಲಿಮೀಟರ್ ಮಾತ್ರ ಹೆಚ್ಚುವುದು. ಬಿಡುವಿರುವ ಸೇತುವೆಗೆ ಇದು ದೊಡ್ಡ ಮಾತಲ್ಲವೆಂದು ಒಪ್ಪಬೇಕು.

ಆದರೆ ಇದೇ ಉದಾಹರಣೆಯಲ್ಲಿ ಇನ್ನೊಂದು ಅಂಶವೂ ಅಡಗಿದೆ. ಕನಿಷ್ಠವು ಹತ್ತೊಂಬತ್ತನೆಯ ಶತಮಾನದ್ದು, ಗರಿಷ್ಠವು ಇಪ್ಪತ್ತೊಂದನೆಯ ಶತಮಾನದ್ದು. ಎರಡರ ನಡುವೆ ೧೩೨ ವರ್ಷ. ಇವೆರಡೂ ಒಂದೇ ವಾಯುಗುಣದ ಎರಡು ತುದಿಗಳಲ್ಲ. ಒಟ್ಟು ಅಂತರವನ್ನು ತೆಗೆದುಕೊಳ್ಳುವಾಗ ಇದರಿಂದ ಕೇಡಿಲ್ಲ, ಎಚ್ಚರವೇ ಹೆಚ್ಚುತ್ತದೆ. ಆದರೆ ಸೇತುವೆಯನ್ನು ಬೇರಿಂಗಿನ ಮೇಲೆ ನೆಲೆಗೊಳಿಸುವಾಗ ಅದರ ಉಷ್ಣಮಾನ ಎಷ್ಟಿರುವುದೆಂದು ಗಣಿಸುವುದಕ್ಕೆ ಸಂಹಿತೆಯು ಎರಡು ತುದಿಗಳ ಸರಾಸರಿಯನ್ನು ಆಧಾರವಾಗಿ ಹಿಡಿಯುತ್ತದೆ. ಇಲ್ಲಿ ಅದು ೨೩.೫ ಡಿಗ್ರಿ. ತುದಿಗಳಲ್ಲಿ ಒಂದು ಹಳೆಯ ಕಾಲದಲ್ಲಿಯೇ ಉಳಿದು ಇನ್ನೊಂದು ಮಾತ್ರ ಮುಂದಕ್ಕೆ ಸರಿಯುತ್ತ ಹೋದರೆ, ಅವುಗಳ ಮಧ್ಯವು ಈಗಿನ ವಾಯುಗುಣದ ಮಧ್ಯವಾಗಿ ಉಳಿಯುವುದಿಲ್ಲ.

ಅನುಕ್ತವಾದುದು ಇದೇ. ಸೂತ್ರವು ಇಷ್ಟು ಡಿಗ್ರಿ ಎನ್ನುತ್ತದೆ. ಆ ಡಿಗ್ರಿ ಯಾವ ಕಾಲಕ್ಕೆ ಸಲ್ಲುವುದೆಂಬುದು ನಿರ್ಮಾಣದ ಆಯುಸ್ಸಿನೊಡನೆ ಜೋಡಿಕೊಂಡಿಲ್ಲ. ೪೫ ಮೀಟರ್ ಎಂಬ ಅಂಕಿಯಂತೂ ಸ್ಥಳದ ಉಷ್ಣಮಾನವನ್ನು ಅನುಸರಿಸಿ ಬದಲಾಗುವುದಿಲ್ಲ. ಮಡಿಕೇರಿಗೂ ರಾಯಚೂರಿಗೂ ಅದು ಒಂದೇ. ಭಾರತದ ಸರಾಸರಿ ಉಷ್ಣಮಾನ ೧೯೦೧ರಿಂದ ೨೦೧೮ರವರೆಗೆ ಸುಮಾರು ೦.೭ ಡಿಗ್ರಿ ಏರಿದುದಾಗಿ ಭೂವಿಜ್ಞಾನ ಮಂತ್ರಾಲಯದ ೨೦೨೦ರ ವರದಿ ತಿಳಿಸುತ್ತದೆ. ರಾಜಸ್ಥಾನದ ಅಲ್ವರಿನಲ್ಲಿ ೧೯೫೬ರಲ್ಲಿ ಕಂಡ ೫೦.೬ ಡಿಗ್ರಿಯ ದಾಖಲೆಯನ್ನು ಅದೇ ಪ್ರಾಂತದ ಫಲೋದಿಯು ೨೦೧೬ರಲ್ಲಿ ೫೧ ಡಿಗ್ರಿಯಿಂದ ಮೀರಿತು.

ದುರುಕ್ತವೆಂದು ಹೇಳತಕ್ಕದ್ದು ಸಂಹಿತೆಯಲ್ಲಿ ಇಲ್ಲ; ಅದನ್ನು ಓದುವವರ ರೀತಿಯಲ್ಲಿದೆ. ನಕ್ಷೆಯ ಗೆರೆಯನ್ನು ಕಾಲಾತೀತವಾದ ವಸ್ತುವೆಂದು ತಿಳಿಯುವುದೇ ಆ ದೋಷ.

೬. ಪೂರ್ವಪಕ್ಷ

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ನಿರ್ಮಾಣಗಳಲ್ಲಿ ರಕ್ಷಣೆಯ ಗುಣಕಗಳು ಮೊದಲೇ ಇರುವುದರಿಂದ ಒಂದೆರಡು ಡಿಗ್ರಿಗಳಿಗಾಗಿ ಸಂಹಿತೆಯನ್ನು ಬದಲಿಸಬೇಕಾದುದಿಲ್ಲ ಎಂಬುದು ಮೊದಲನೆಯದು. ಪ್ರಮಾಣವೆಂಬುದು ಸ್ಥಿರವಾಗಿರಬೇಕು, ಹತ್ತು ವರ್ಷಕ್ಕೊಮ್ಮೆ ಬದಲಾಗುವುದು ಪ್ರಮಾಣವೇ ಅಲ್ಲ ಎಂಬುದು ಎರಡನೆಯದು. ಮುಂದಿನ ವಾಯುಗುಣದ ಗಣನೆಗಳು ಪರಸ್ಪರ ಒಂದೇ ಆಗಿಲ್ಲವಾದುದರಿಂದ, ನಿಶ್ಚಿತವಾದ ಭೂತಕಾಲವನ್ನು ಬಿಟ್ಟು ಅನಿಶ್ಚಿತವಾದ ಭವಿಷ್ಯತ್ತನ್ನು ಹಿಡಿಯುವುದು ಯುಕ್ತವಲ್ಲ ಎಂಬುದು ಮೂರನೆಯದು.

ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಾಧಾರಣವಾದ ಚಿಕ್ಕ ಸೇತುವೆಗೆ ಈ ಹೆಚ್ಚಳದಿಂದ ಹಾನಿಯಾಗದೆಂಬುದನ್ನು ಬೆಂಗಳೂರಿನ ಲೆಕ್ಕವೇ ತೋರಿಸಿತು. ಆದರೆ ರಕ್ಷಣೆಯ ಗುಣಕವಿರುವುದು ಸಾಮಗ್ರಿಯ ಲೋಪ, ಕೆಲಸದ ಲೋಪ, ತುಕ್ಕು, ಅಜಾಗರೂಕತೆ ಇವುಗಳಿಗಾಗಿ. ಗೊತ್ತಿರುವ ಏರಿಕೆಯನ್ನು ಅದರೊಳಗೆ ಸೇರಿಸಿಬಿಟ್ಟರೆ ಗೊತ್ತಿಲ್ಲದ ವಿಪತ್ತಿಗೆ ಮೀಸಲಾಗಿ ಇಟ್ಟ ಧನವನ್ನು ನಿತ್ಯದ ವೆಚ್ಚಕ್ಕೆ ಖರ್ಚುಮಾಡಿದಂತಾಗುತ್ತದೆ. ಹ್ಯಾಮರ್‌ಸ್ಮಿತ್ ಸೇತುವೆಯಲ್ಲಿ ತುಕ್ಕೂ ಸೆಕೆಯೂ ಒಂದೇ ಕಾಲದಲ್ಲಿ ಬಂದುದನ್ನು ಮರೆಯಬಾರದು.

ಎರಡನೆಯ ಆಕ್ಷೇಪಕ್ಕೆ ನಮ್ಮ ವ್ಯಾಕರಣಸಂಪ್ರದಾಯವೇ ಉತ್ತರವನ್ನು ಕೊಡುತ್ತದೆ. ಪಾಣಿನಿ, ಕಾತ್ಯಾಯನ, ಪತಂಜಲಿ ಎಂಬ ಮುನಿತ್ರಯರಲ್ಲಿ ಭೇದ ಬಂದಲ್ಲಿ ಹಿಂದಿನವರಿಗಿಂತ ಮುಂದಿನವರ ಮಾತೇ ಹೆಚ್ಚಿನ ಪ್ರಮಾಣವೆಂದು ವೈಯಾಕರಣರು ಒಪ್ಪಿರುವರು. ಇದರಿಂದ ಪಾಣಿನಿಯ ಗೌರವಕ್ಕೆ ಕುಂದಾಗಲಿಲ್ಲ. ಅಷ್ಟಾಧ್ಯಾಯಿಯು ಇಂದಿಗೂ ಬಾಳುತ್ತಿರುವುದಕ್ಕೆ ಇದೂ ಒಂದು ಕಾರಣ. ಲಕ್ಷ್ಯವನ್ನು ಅನುಸರಿಸಿ ಲಕ್ಷಣ ಹುಟ್ಟುವುದೇ ಹೊರತು ಲಕ್ಷಣವನ್ನು ಅನುಸರಿಸಿ ಲಕ್ಷ್ಯವಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ತನ್ನ ಸುತ್ತಲ ಕನ್ನಡ ಬದಲಾಗುತ್ತಿದ್ದರೂ ಪೂರ್ವಕವಿಗಳ ಪ್ರಯೋಗವನ್ನೇ ಪ್ರಮಾಣವಾಗಿ ಹಿಡಿದನು. ಭಾಷೆಯ ವಿಷಯದಲ್ಲಿ ಹಾಗೆ ಮಾಡಿದುದು ಸಾರ್ಥಕವೇ ಆಯಿತು. ಹಳಗನ್ನಡದ ಸ್ವರೂಪ ಅದರಿಂದ ಉಳಿಯಿತು. ಸೇತುವೆಗಾದರೋ ಹಳೆಯ ಬೇಸಿಗೆಯನ್ನು ಉಳಿಸಿಕೊಳ್ಳುವ ಅಧಿಕಾರವಿಲ್ಲ. ಅದು ಇಂದಿನ ಬಿಸಿಲಿನಲ್ಲಿಯೇ ನಿಲ್ಲಬೇಕು.

ಮೂರನೆಯ ಆಕ್ಷೇಪವೇ ಪ್ರಬಲವಾದುದು. ಭವಿಷ್ಯತ್ತು ಅನಿಶ್ಚಿತವೆಂಬುದು ನಿಜ. ಆದರೆ ಭೂತಕಾಲದ ಅಂಕಿಯನ್ನು ಹಿಡಿಯುವವನೂ ಭವಿಷ್ಯತ್ತನ್ನೇ ಹೇಳುತ್ತಿದ್ದಾನೆ. ಏರಿಕೆ ಸೊನ್ನೆಯೆಂದು ಅವನು ಹೇಳಿದಂತಾಯಿತು. ಎಲ್ಲ ಗಣನೆಗಳಲ್ಲಿಯೂ ಅತ್ಯಂತ ಅಸಂಭವವಾದುದು ಅದೊಂದೇ. ಅಲ್ಲದೆ ಏರಿಕೆ ಎಲ್ಲೆಡೆಯೂ ಒಂದೇ ಬಗೆಯದಲ್ಲ. ಗಂಗಾತೀರದ ಬಯಲಿನಲ್ಲಿ ನೀರಾವರಿಯೂ ಹವೆಯಲ್ಲಿ ತೇಲುವ ಹೊಗೆಧೂಳುಗಳೂ ಹಗಲಿನ ಗರಿಷ್ಠದ ಏರಿಕೆಯನ್ನು ತಗ್ಗಿಸಿವೆ. ದೇಶಕ್ಕೆಲ್ಲ ಒಂದೇ ಅಂಕಿಯನ್ನು ಕೂಡಿಸಿಬಿಡುವುದು ಸುಲಭ, ಆದರೆ ಸಾಧುವಲ್ಲ.

೭. ಸಿದ್ಧಾಂತ

ಹಾಗಾದರೆ ಕರ್ತವ್ಯವೇನು? ಇದರಲ್ಲಿ ಕೆನಡಾ ದೇಶದವರು ಮಾಡಿರುವುದು ಅನುಸರಣೀಯವಾಗಿದೆ. ಅವರು ೨೦೨೦ರಲ್ಲಿ ಪ್ರಕಟಿಸಿದ ವರದಿಯಲ್ಲಿ ೧೯೮೬–೨೦೧೬ರ ಕಾಲವನ್ನು ಮೂಲವಾಗಿ ಇಟ್ಟುಕೊಂಡು, ಅಲ್ಲಿಂದ ಲೋಕದ ಸರಾಸರಿ ಉಷ್ಣಮಾನ ಅರ್ಧ ಡಿಗ್ರಿಯಿಂದ ಮೂರೂವರೆ ಡಿಗ್ರಿಯವರೆಗೆ ಏರಿದರೆ ಕಟ್ಟಡಗಳ ಗಣನೆಯ ಅಂಕಿಗಳು ಎಷ್ಟೆಷ್ಟು ಬದಲಾಗಬೇಕೆಂದು ಹಂತಹಂತವಾಗಿ ತೋರಿಸಿದ್ದಾರೆ. ಇಂಥ ವರ್ಷದಲ್ಲಿ ಇಷ್ಟು ಎಂದು ಹೇಳಿಲ್ಲ. ಇಷ್ಟು ಏರಿದರೆ ಇಷ್ಟು ಎಂದು ಹೇಳಿದ್ದಾರೆ. ಏರಿಕೆಯ ವೇಗದಲ್ಲಿ ಅಭಿಪ್ರಾಯಭೇದವಿದ್ದರೂ ಪಟ್ಟಿ ಕೆಡುವುದಿಲ್ಲ. ಗಾಳಿ, ಹಿಮ, ಮಳೆ, ಉಷ್ಣಮಾನ ಇವುಗಳ ಗಣನೆಯಲ್ಲಿ ಯಾವುದನ್ನು ಎಷ್ಟು ನಂಬಬಹುದೆಂದು ಮೆಟ್ಟಲುಗಳನ್ನು ಮಾಡಿ, ಉಷ್ಣಮಾನವನ್ನು ಅತ್ಯಂತ ನಂಬತಕ್ಕ ಮೆಟ್ಟಲಿನಲ್ಲಿ ಇಟ್ಟಿದ್ದಾರೆ. ಯೂರೋಪಿನಲ್ಲಿಯೂ ಅಲ್ಲಿಯ ಕಮಿಷನ್ ೨೦೧೨ರಲ್ಲಿ ಸಂಹಿತೆಗಳ ಎರಡನೆಯ ಪರಿಷ್ಕರಣಕ್ಕೆ ಆಜ್ಞೆ ಕೊಟ್ಟಾಗ ವಾಯುಗುಣದ ಬದಲಾವಣೆಯನ್ನು ವಿಚಾರದಲ್ಲಿ ಸೇರಿಸಿತು.

ಇದೆಲ್ಲದರಿಂದ ನಾಲ್ಕು ನಿಯಮಗಳು ಫಲಿಸುತ್ತವೆ. ಪ್ರತಿಯೊಂದು ಅಂಕಿಯ ಜೊತೆಗೂ ಅದು ಯಾವ ವರ್ಷಗಳ ದಾಖಲೆಯಿಂದ ಹುಟ್ಟಿತೆಂಬುದನ್ನು ನಮೂದಿಸಬೇಕು. ದಾಖಲೆಯನ್ನು ಗಣಿಸುವಾಗ ಕಾಲಕ್ರಮದಲ್ಲಿ ಕಂಡುಬಂದ ಏರಿಕೆಯನ್ನು ಗಣಿತದೊಳಗೆ ತರಬೇಕು. ೧೮೮೪ರ ವರ್ಷವೂ ೨೦೧೬ರ ವರ್ಷವೂ ಒಂದೇ ಚೀಲದ ಕಾಳುಗಳೆಂದು ಎಣಿಸಬಾರದು. ಬದಲಿಸಬಹುದಾದ ಭಾಗಗಳಿಗೂ ಬದಲಿಸಲಾಗದ ಭಾಗಗಳಿಗೂ ಭೇದವನ್ನು ಮಾಡಬೇಕು. ಬೇರಿಂಗು, ಸಂದಿನ ಮುಚ್ಚಳ ಇವು ಸೇತುವೆಗಿಂತ ಬೇಗ ಸವೆಯುವುವು. ಅವುಗಳನ್ನು ಇಂದಿನ ಮತ್ತು ನಾಳೆಯ ವಾಯುಗುಣಕ್ಕೆ ತಕ್ಕಂತೆ ಮಾಡಿ, ಮುಂದೆ ದೊಡ್ಡದನ್ನು ಕೂರಿಸಲು ಎಡೆಬಿಟ್ಟರೆ ಸಾಕು. ಕಂಬ, ತೊಲೆ, ಅಡಿಪಾಯಗಳನ್ನು ಆಯುಸ್ಸಿನ ಕೊನೆಯ ಬೇಸಿಗೆಗೆ ತಕ್ಕಂತೆ ಕಟ್ಟಬೇಕು. ಕಡೆಯದಾಗಿ, ಪರಿಷ್ಕರಣದ ಅವಧಿಯನ್ನು ಸಂಹಿತೆಯೇ ಹೇಳಬೇಕು; ವಿಪತ್ತು ಬಂದು ಅದನ್ನು ಹೇಳಿಸುವಂತಾಗಬಾರದು.

ಇವುಗಳಲ್ಲಿ ಯಾವುದಕ್ಕೂ ಅತಿಯಾದ ವೆಚ್ಚವಿಲ್ಲ. ಕಟ್ಟುವಾಗ ಸಂದನ್ನು ಕೆಲವು ಮಿಲಿಮೀಟರ್ ಅಗಲಮಾಡುವುದಕ್ಕೂ, ಕಟ್ಟಿಯಾದ ಮೇಲೆ ಬಿಗಿದ ಸೇತುವೆಯನ್ನು ಎತ್ತಿ ಬೇರಿಂಗನ್ನು ಬದಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವರು ಇದನ್ನು ಒಪ್ಪುವರು. ಈ ವರ್ಷ ಅಡಿಪಾಯ ಹಾಕುವ ಸೇತುವೆ ಮುಂದಿನ ಶತಮಾನದ ಬೇಸಿಗೆಗಳನ್ನೂ ಕಾಣಬೇಕಾಗಿದೆ. ಅದರ ಮೇಲೆ ನಡೆಯುವವರು ಪ್ರಮಾಣಗ್ರಂಥವನ್ನು ಓದಿದವರಲ್ಲ, ಓದಿದವರನ್ನು ನಂಬಿದವರು. ಹೇತು ಎಷ್ಟು ಬಲವಾಗಿದ್ದರೂ ಉಪಾಧಿ ತಪ್ಪಿದ ಮೇಲೆ ಅನುಮಾನವನ್ನು ಬಿಡಬೇಕೆಂದು ನೈಯಾಯಿಕರು ವಿಧಿಸಿದ್ದಾರೆ. ಪ್ರಮಾಣದ ಪ್ರಾಮಾಣ್ಯ ಉಳಿಯಬೇಕಾದರೆ ಅದು ತನ್ನ ಉಪಾಧಿಯನ್ನು ತಾನೇ ಹೇಳಿಕೊಳ್ಳಬೇಕು.